ಕಡಲ ಬೀಸಣಿಗೆ (ಇಂದ್ರಜಾಲ): ದೇಹ ಲಕ್ಷಣಗಳು, ಗುರುತಿಸುವ ಬಗೆ ಮತ್ತು ಸಾರ್ವಜನಿಕರು ತಿಳಿದಿರಬೇಕಾದ ಅಂಶಗಳು

ಬಂಟ್ವಾಳ, ಬೆಳ್ತಂಗಡಿ ಮತ್ತು ಮೂಡುಬಿದಿರೆ ತಾಲ್ಲೂಕುಗಳ ಸಾರ್ವಜನಿಕರ ಮಾಹಿತಿಗಾಗಿ

ಗಾಜಿನ ಚೌಕಟ್ಟಿನೊಳಗೆ ಅಂಟಿಸಿದ, ಕಪ್ಪು ಅಥವಾ ಕಂದು ಬಣ್ಣದ, ಬಲೆಯಂತೆ ಹೆಣೆದುಕೊಂಡ ಕವಲುಗಳುಳ್ಳ ಒಂದು ವಸ್ತುವನ್ನು "ಇಂದ್ರಜಾಲ" ಎಂಬ ಹೆಸರಿನಲ್ಲಿ ದೇಶದ ಅನೇಕ ಕಡೆ ಮಾರಾಟ ಮಾಡಲಾಗುತ್ತಿದ್ದು, ಅಂತರ್ಜಾಲದ ಮೂಲಕವೂ ಇದು ಮನೆಬಾಗಿಲಿಗೆ ಬರುತ್ತಿದೆ. ಇದನ್ನು ಮನೆಯ ಹೆಬ್ಬಾಗಿಲಿನ ಮೇಲೆ ಅಥವಾ ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದೆ ತೂಗುಹಾಕಿದಲ್ಲಿ ದೃಷ್ಟಿದೋಷ ನಿವಾರಣೆಯಾಗಿ ಐಶ್ವರ್ಯ ವೃದ್ಧಿಸುವುದೆಂದು ಮಾರಾಟಗಾರರು ಹೇಳುತ್ತಾರೆ. ಇದು ಪರ್ವತ ಪ್ರದೇಶದಲ್ಲಿ ದೊರೆಯುವ ಅಪರೂಪದ ಗಿಡದ ಬೇರೆಂದು ಕೆಲವರೂ, ಸಮುದ್ರದಲ್ಲಿ ಬೆಳೆಯುವ ಸಸ್ಯವೆಂದು ಮತ್ತೆ ಕೆಲವರೂ ನಂಬಿಸುತ್ತಾರೆ. ಇವೆರಡೂ ಸತ್ಯವಲ್ಲ. ಇದು ಕಡಲ ಬೀಸಣಿಗೆ ಎಂಬ ಮೃದು ಹವಳ ಜಾತಿಯ ಪ್ರಾಣಿಯ ಒಣಗಿದ ಅಸ್ಥಿಪಂಜರ. ಕೆಲವೊಮ್ಮೆ ಅದರಂತೆಯೇ ಕಾಣುವ ಕಪ್ಪು ಹವಳದ ಅಸ್ಥಿಪಂಜರ. ಎರಡೂ ವನ್ಯಜೀವಿ (ಸಂರಕ್ಷಣಾ) ಅಧಿನಿಯಮ, 1972ರ ಅನುಸೂಚಿ 1ರಲ್ಲಿ ಸೇರಿದ್ದು, ಹುಲಿ ಮತ್ತು ಆನೆಗಳಿಗೆ ದೊರೆಯುವ ಮಟ್ಟದ ಕಾನೂನು ರಕ್ಷಣೆ ಇವುಗಳಿಗೂ ದೊರೆತಿದೆ.

ಮೇಲ್ಕಂಡ ಮೂರು ತಾಲ್ಲೂಕುಗಳಿಗೆ ಕಡಲ ತೀರವಿಲ್ಲ. ಬಂಟ್ವಾಳವು ಮಂಗಳೂರಿನಿಂದ ಸುಮಾರು 25 ಕಿಲೋಮೀಟರ್, ಮೂಡುಬಿದಿರೆಯು ಸುಮಾರು 35 ಕಿಲೋಮೀಟರ್, ಬೆಳ್ತಂಗಡಿಯು ಸುಮಾರು 60 ಕಿಲೋಮೀಟರ್ ಒಳನಾಡಿನಲ್ಲಿವೆ. ಹುಲಿಯುಗುರು, ಜಿಂಕೆಯ ಕೊಂಬು, ಆನೆದಂತಗಳನ್ನು ಇಟ್ಟುಕೊಳ್ಳುವುದು ಅಪರಾಧವೆಂಬುದು ಘಟ್ಟದ ಬುಡದ ಈ ಊರುಗಳ ಜನರಿಗೆ ಬಹುಮಟ್ಟಿಗೆ ತಿಳಿದಿದೆ. ಆದರೆ ಸಮುದ್ರದ ತಳದಲ್ಲಿ ಅಲುಗಾಡದೆ ನಿಂತಿರುವ ಒಂದು ಜೀವಿಯ ವಿಷಯದಲ್ಲಿ ಆ ತಿಳಿವಳಿಕೆ ಇರಬೇಕೆಂದು ನಿರೀಕ್ಷಿಸುವುದು ಕಷ್ಟ. ಗಿಡವೆಂದು ನಂಬಿ ಹಣ ಕೊಟ್ಟು ಕೊಂಡವರೂ ಕಾನೂನಿನ ದೃಷ್ಟಿಯಲ್ಲಿ ಅನುಸೂಚಿತ ಪ್ರಾಣಿಯ ಭಾಗವನ್ನು ಸ್ವಾಧೀನದಲ್ಲಿ ಇಟ್ಟುಕೊಂಡವರೇ ಆಗುತ್ತಾರೆ. ಆದ್ದರಿಂದ ಸದರಿ ಜೀವಿಯ ದೇಹ ಲಕ್ಷಣಗಳನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿಯೇ ವಿವರಿಸಲಾಗಿದೆ.

ಸಸ್ಯದ ರೂಪ, ಪ್ರಾಣಿಯ ದೇಹ

ಕಡಲ ಬೀಸಣಿಗೆಯನ್ನು ನೋಡಿದವರು ಗಿಡವೆಂದು ತಿಳಿಯುವುದರಲ್ಲಿ ಆಶ್ಚರ್ಯವಿಲ್ಲ. ಅದಕ್ಕೆ ಬುಡವಿದೆ, ಕಾಂಡವಿದೆ, ಕವಲುಗಳಿವೆ. ಒಮ್ಮೆ ನೆಲೆಯೂರಿದ ಸ್ಥಳದಿಂದ ಅದು ಕದಲುವುದಿಲ್ಲ. ಹಿಂದಿನ ಕಾಲದ ಪ್ರಕೃತಿ ವಿಜ್ಞಾನಿಗಳೂ ಹವಳಗಳನ್ನು ಸಸ್ಯಗಳೆಂದೇ ಭಾವಿಸಿದ್ದರು. ಹದಿನೆಂಟನೆಯ ಶತಮಾನದಲ್ಲಿ ಫ್ರಾನ್ಸಿನ ವೈದ್ಯ ಪೈಸೊನೆಲ್ ಎಂಬಾತನು ಹವಳದ "ಹೂವು"ಗಳು ವಾಸ್ತವವಾಗಿ ಸಣ್ಣ ಪ್ರಾಣಿಗಳೆಂದು ತೋರಿಸಿಕೊಟ್ಟಾಗ, ಆ ಮಾತು ವಿದ್ವಾಂಸರ ಮನ್ನಣೆ ಪಡೆಯಲು ಬಹಳ ವರ್ಷಗಳೇ ಹಿಡಿದವು.

ಲೋಳೆಮೀನು ಹಾಗೂ ಕಡಲ ಹೂ ಎಂದು ಕರೆಯಲಾಗುವ ಜೀವಿಗಳು ಸೇರಿರುವ ಕುಟುಕುಕಣವುಳ್ಳ ಪ್ರಾಣಿವರ್ಗಕ್ಕೆ ಕಡಲ ಬೀಸಣಿಗೆಯೂ ಸೇರಿದೆ. ಇದಕ್ಕೆ ಪತ್ರಹರಿತ್ತು ಇಲ್ಲ, ಎಲೆಯಿಲ್ಲ, ನೀರು ಹೀರುವ ಬೇರಿಲ್ಲ. ಬೇರಿನಂತೆ ಕಾಣುವ ಬುಡವು ಬಂಡೆಯನ್ನು ಅಥವಾ ಚಿಪ್ಪನ್ನು ಹಿಡಿದುಕೊಳ್ಳುವ ಹಿಡಿಕೆ ಮಾತ್ರ. ಆಹಾರವನ್ನು ಇದು ಬಾಯಿಯಿಂದಲೇ ಸೇವಿಸುತ್ತದೆ. ಬಾಯಿ ಒಂದಲ್ಲ, ಸಾವಿರಾರು.

ಒಂದು ಬೀಸಣಿಗೆ ಎಂದರೆ ಒಂದು ಪ್ರಾಣಿಯಲ್ಲ, ಒಂದೇ ಮೈಯನ್ನು ಹಂಚಿಕೊಂಡು ಬಾಳುವ ಅಸಂಖ್ಯ ಕಿರುಜೀವಿಗಳ ಸಮೂಹ. ಈ ಕಿರುಜೀವಿಗಳಿಗೆ ಪಾಲಿಪ್ ಎಂದು ಹೆಸರು. ಒಂದೊಂದು ಪಾಲಿಪ್ ಸಾಮಾನ್ಯವಾಗಿ ಕೆಲವೇ ಮಿಲಿಮೀಟರ್ ಗಾತ್ರದ್ದು. ಅದರ ಬಾಯಿಯ ಸುತ್ತ ಎಂಟು ಗ್ರಹಣಾಂಗಗಳಿರುತ್ತವೆ. ಪ್ರತಿಯೊಂದು ಗ್ರಹಣಾಂಗದ ಎರಡೂ ಅಂಚಿನಲ್ಲಿ ಹಕ್ಕಿಯ ಗರಿಯಲ್ಲಿರುವಂತೆ ಸಣ್ಣ ಕವಲುಗಳಿರುತ್ತವೆ. ಈ ಎಂಟರ ಲೆಕ್ಕವು ತಪ್ಪುವುದಿಲ್ಲ. ಮೃದು ಹವಳಗಳು, ಕಡಲ ಬೀಸಣಿಗೆಗಳು, ಕಡಲ ಲೇಖನಿ ಎನ್ನಲಾಗುವ ಜೀವಿಗಳು, ಆಭರಣದ ಕೆಂಪು ಹವಳ ಇವೆಲ್ಲವನ್ನೂ ವಿಜ್ಞಾನಿಗಳು "ಅಷ್ಟಗ್ರಾಹಿ ಹವಳ"ಗಳೆಂದು ಒಂದೇ ಗುಂಪಿನಲ್ಲಿ ಇರಿಸಿರುವುದು ಇದೇ ಕಾರಣದಿಂದ. ದಿಬ್ಬಗಳನ್ನು ಕಟ್ಟುವ ಗಟ್ಟಿ ಹವಳಗಳ ಗ್ರಹಣಾಂಗಗಳಾದರೋ ಆರು ಅಥವಾ ಆರರ ಗುಣಕದಲ್ಲಿರುತ್ತವೆ.

ದೇಹ ರಚನೆ

ಕಡಲ ಬೀಸಣಿಗೆಯ ಕವಲೊಂದನ್ನು ಅಡ್ಡಲಾಗಿ ಕತ್ತರಿಸಿ ನೋಡಿದಲ್ಲಿ ಎರಡು ಪದರಗಳು ಸ್ಪಷ್ಟವಾಗಿ ಕಾಣುತ್ತವೆ. ಹೊರಗಿನದು ಜೀವಂತ ತೊಗಟೆ, ಒಳಗಿನದು ಗಟ್ಟಿಯಾದ ನಡುಕಡ್ಡಿ.

ಹೊರಗಿನ ತೊಗಟೆಯು ಮೃದುವಾದ, ಲೋಳೆಯಂತಹ ಅಂಗಾಂಶ. ಎಲ್ಲಾ ಪಾಲಿಪ್‌ಗಳು ಇದರಲ್ಲಿಯೇ ಹುದುಗಿರುತ್ತವೆ. ಇದರೊಳಗೆ ಹಾಯ್ದುಹೋಗುವ ಸೂಕ್ಷ್ಮ ನಾಳಗಳು ಒಂದು ಪಾಲಿಪನ್ನು ಮತ್ತೊಂದಕ್ಕೆ ಜೋಡಿಸುತ್ತವೆ. ಒಂದು ಬಾಯಿಗೆ ಸಿಕ್ಕಿದ ಆಹಾರವು ಉಳಿದವುಗಳಿಗೂ ತಲುಪುತ್ತದೆ. ಮನೆಮಂದಿಯೆಲ್ಲ ಒಂದೇ ಒಲೆಯಲ್ಲಿ ಉಣ್ಣುವ ಕೂಡುಕುಟುಂಬವನ್ನು ಇದಕ್ಕೆ ಹೋಲಿಸಬಹುದು. ಅಪಾಯ ತಲೆದೋರಿದಾಗ ಪಾಲಿಪ್‌ಗಳು ತಮ್ಮನ್ನು ತೊಗಟೆಯೊಳಕ್ಕೆ ಎಳೆದುಕೊಳ್ಳುತ್ತವೆ. ಆಗ ಕವಲಿನ ಮೇಲೆ ಸಣ್ಣ ಸಣ್ಣ ಗುಬುಟುಗಳೋ, ಸೂಜಿಯಿಂದ ಚುಚ್ಚಿದಂತಹ ರಂಧ್ರಗಳೋ ಮಾತ್ರ ಉಳಿಯುತ್ತವೆ. ಒಣಗಿದ ಬೀಸಣಿಗೆಯ ಮೇಲೂ ತೊಗಟೆ ಉದುರದೆ ಉಳಿದಿದ್ದಲ್ಲಿ ಈ ಗುರುತುಗಳನ್ನು ಬರಿಗಣ್ಣಿನಿಂದಲೇ ಕಾಣಬಹುದು.

ತೊಗಟೆಯ ತುಂಬ ಸುಣ್ಣದ, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟಿನ, ಅತಿ ಸೂಕ್ಷ್ಮ ಕಣಿಕೆಗಳು ಚದುರಿಕೊಂಡಿರುತ್ತವೆ. ಇವುಗಳ ಉದ್ದ ಹೆಚ್ಚಿನ ಪ್ರಭೇದಗಳಲ್ಲಿ ಒಂದು ಮಿಲಿಮೀಟರಿಗಿಂತಲೂ ಬಹಳ ಕಡಿಮೆ. ಸೂಕ್ಷ್ಮದರ್ಶಕದ ಕೆಳಗೆ ನೋಡಿದಾಗ ಇವು ಕದಿರಿನಂತೆ, ದೊಣ್ಣೆಯಂತೆ, ಚಕ್ರದಂತೆ, ಮುಳ್ಳು ಹೊದಿಸಿದ ಗುಂಡಿನಂತೆ ನಾನಾ ಆಕಾರಗಳಲ್ಲಿ ಕಾಣುತ್ತವೆ. ಮೃದುವಾದ ದೇಹಕ್ಕೆ ಬಿಗುಪು ಕೊಡುವುದು, ಮೇಯಲು ಬರುವ ಮೀನುಗಳಿಗೆ ಅರುಚಿಯುಂಟುಮಾಡುವುದು ಇವುಗಳ ಕಾರ್ಯ. ಪ್ರಭೇದವನ್ನು ನಿರ್ಧರಿಸುವಲ್ಲಿ ತಜ್ಞರು ಮೊದಲು ನೋಡುವುದೂ ಇದೇ ಕಣಿಕೆಗಳನ್ನು. ಬಣ್ಣ ಮತ್ತು ಹೊರ ಆಕಾರವನ್ನು ನಂಬಿ ಹೆಸರಿಟ್ಟರೆ ತಪ್ಪುವ ಸಂಭವವೇ ಹೆಚ್ಚು. ಅನೇಕ ಪ್ರಭೇದಗಳ ಕೆಂಪು, ಹಳದಿ, ನೇರಳೆ ವರ್ಣಗಳು ಈ ಕಣಿಕೆಗಳಲ್ಲಿಯೇ ಸೇರಿಕೊಂಡಿರುವುದರಿಂದ, ಪ್ರಾಣಿಯು ಸತ್ತು ಒಣಗಿದ ನಂತರವೂ ಬಣ್ಣ ಮಾಸದೆ ಉಳಿಯುತ್ತದೆ.

ಒಳಗಿನ ನಡುಕಡ್ಡಿಯು ಬೀಸಣಿಗೆಯ ಬೆನ್ನೆಲುಬು. ಹೆಚ್ಚಿನ ಪ್ರಭೇದಗಳಲ್ಲಿ ಇದು ಗಾರ್ಗೊನಿನ್ ಎಂಬ ಗಟ್ಟಿ ಪ್ರೋಟೀನಿನಿಂದ ಆಗಿದೆ. ದನದ ಕೊಂಬು ಮತ್ತು ಉಗುರಿನ ಗುಣಕ್ಕೆ ಹತ್ತಿರವಾದ ಈ ವಸ್ತುವು ಕಪ್ಪು ಅಥವಾ ಕಡುಗಂದು ಬಣ್ಣದ್ದಾಗಿದ್ದು, ಬಾಗುತ್ತದೆಯೇ ಹೊರತು ಸುಲಭವಾಗಿ ಮುರಿಯುವುದಿಲ್ಲ. ಸಮುದ್ರದ ಸೆಳೆತಕ್ಕೆ ಸಿಕ್ಕಿಯೂ ನೆಟ್ಟಗೆ ನಿಲ್ಲಬೇಕಾದ ಜೀವಿಗೆ ಇಂತಹ ಬಳುಕು ಅತ್ಯಗತ್ಯ. ಕೆಲವು ಪ್ರಭೇದಗಳಲ್ಲಿ ಪ್ರೋಟೀನಿನೊಂದಿಗೆ ಸುಣ್ಣವೂ ಬೆರೆತಿರುತ್ತದೆ. ತುದಿಯ ಕವಲುಗಳು ಹಿಡಿಸೂಡಿಯ ಕಡ್ಡಿಗಿಂತಲೂ ತೆಳುವಾಗಿದ್ದು, ಬುಡದ ಕಡೆಗೆ ಬೆರಳಿನಷ್ಟು ದಪ್ಪವಾಗಬಹುದು.

"ಇಂದ್ರಜಾಲ"ವೆಂದು ಮಾರಾಟವಾಗುವುದು ಬಹುಪಾಲು ಈ ನಡುಕಡ್ಡಿಯೇ. ತೊಗಟೆಯನ್ನು ಕೊಳೆಸಿ ತೊಳೆದು ತೆಗೆದ ಮೇಲೆ ಉಳಿಯುವ ಕಪ್ಪು ಜಾಲರಿಗೆ ಜೀವಂತ ಪ್ರಾಣಿಯ ಹೋಲಿಕೆ ಅತ್ಯಲ್ಪ. ಆಲದೆಲೆ, ಅಶ್ವತ್ಥದೆಲೆಗಳನ್ನು ನೀರಿನಲ್ಲಿ ನೆನೆಸಿ, ನರಗಳನ್ನು ಮಾತ್ರ ಉಳಿಸಿ, ಮಕ್ಕಳು ಪುಸ್ತಕದ ನಡುವೆ ಇಡುತ್ತಾರಲ್ಲ, ಅದನ್ನು ನೋಡಿ ಎಲೆಯ ಹಸಿರನ್ನು ಊಹಿಸಿಕೊಳ್ಳುವುದು ಎಷ್ಟು ಕಷ್ಟವೋ ಇದೂ ಅಷ್ಟೇ.

ಬೀಸಣಿಗೆಯಂತೆ ಚಪ್ಪಟೆಯಾಗಿರುವುದೇಕೆ?

ಕವಲುಗಳು ಎಲ್ಲಾ ದಿಕ್ಕಿಗೂ ಚಾಚದೆ ಒಂದೇ ಸಮತಲದಲ್ಲಿ ಹರಡಿಕೊಳ್ಳುವುದು ಈ ಜೀವಿಯ ಪ್ರಮುಖ ಲಕ್ಷಣ. ಇದಕ್ಕೆ ಕಾರಣ ಅದರ ಆಹಾರ ಕ್ರಮ. ಬೇಟೆಯನ್ನು ಬೆನ್ನಟ್ಟಲಾಗದ ಕಡಲ ಬೀಸಣಿಗೆಯು ನೀರಿನ ಹರಿವಿಗೆ ಅಡ್ಡಲಾಗಿ ಬಲೆ ಒಡ್ಡಿದಂತೆ ನಿಂತುಕೊಂಡು, ತೇಲಿಬರುವ ಸೂಕ್ಷ್ಮ ಪ್ರಾಣಿಗಳನ್ನೂ ಜೈವಿಕ ಕಣಗಳನ್ನೂ ಗ್ರಹಣಾಂಗಗಳಿಂದ ಹಿಡಿಯುತ್ತದೆ. ಹೊಳೆಯ ಸೆಳವಿಗೆ ಅಡ್ಡಲಾಗಿ ಬಲೆ ಕಟ್ಟುವವರಿಗೆ ಈ ತಂತ್ರವನ್ನು ಬಿಡಿಸಿ ಹೇಳಬೇಕಾಗಿಲ್ಲ. ನೀರಿನ ಹರಿವು ಎರಡು ದಿಕ್ಕಿನಿಂದಲೂ ಬರುವಲ್ಲಿ ಬೀಸಣಿಗೆಯ ಎರಡೂ ಮೈಗಳಲ್ಲಿ ಪಾಲಿಪ್‌ಗಳು ಕೆಲಸ ಮಾಡುತ್ತವೆ. ಸಮೂಹವು ಬೆಳೆಯುವಾಗಲೇ ಆ ಸ್ಥಳದ ಹರಿವಿಗೆ ತಕ್ಕಂತೆ ತನ್ನ ಮುಖವನ್ನು ಹೊಂದಿಸಿಕೊಳ್ಳುತ್ತದೆ.

ಎಲ್ಲಾ ಪ್ರಭೇದಗಳೂ ಬೀಸಣಿಗೆಯ ಆಕಾರದಲ್ಲಿಲ್ಲವೆಂಬುದನ್ನು ಗಮನಿಸತಕ್ಕದ್ದು. ಭಾರತದ ಸಮುದ್ರಗಳಲ್ಲಿ ಕಂಡುಬರುವ ಜುನ್ಸೆಲ್ಲಾ ಜುನ್ಸಿಯಾ ಎಂಬ ಪ್ರಭೇದವು ಒಂದೇ ಒಂದು ಕವಲೂ ಇಲ್ಲದೆ ಚಾಟಿಯಂತೆ ಉದ್ದಕ್ಕೆ ಬೆಳೆಯುತ್ತದೆ. ಸಬರ್ಗಾರ್ಗಿಯಾ ಸುಬೆರೋಸಾ ಎಂಬುದು ಎರಡೆರಡಾಗಿ ಕವಲೊಡೆಯುವ, ಕವಲಿನ ಉದ್ದಕ್ಕೂ ಒಂದು ಗೀರುಗಾಲುವೆಯಿರುವ ಪ್ರಭೇದ. ಅನ್ನೆಲ್ಲಾ ಎಂಬ ಕುಲದವು ಕವಲುಗಳು ಪರಸ್ಪರ ಕೂಡಿಕೊಂಡು ನಿಜವಾದ ಜಾಲರಿಯನ್ನೇ ಕಟ್ಟಿ, ಒಂದು ಮೀಟರಿಗೂ ಮೀರಿ ಹರಡುತ್ತವೆ. ಮೆಲಿಥಿಯಾ ಕುಲದವುಗಳ ನಡುಕಡ್ಡಿಯಲ್ಲಿ ಗಂಟುಗಳಿದ್ದು, ಒಣಗಿದಾಗ ಗಂಟಿನಲ್ಲಿಯೇ ಮುರಿಯುತ್ತವೆ. ಇವೆಲ್ಲವನ್ನೂ ಕಾನೂನು "ಎಲ್ಲಾ ಗಾರ್ಗೊನಿಯನ್‌ಗಳು" ಎಂಬ ಒಂದೇ ಮಾತಿನಲ್ಲಿ ಒಳಗೊಂಡಿದೆ.

ಆಳಸಮುದ್ರದ ಪ್ರಭೇದಗಳು

ಹವಳವೆಂದೊಡನೆ ಬಿಸಿಲು ಬೀಳುವ ತಿಳಿನೀರಿನ ದಿಬ್ಬಗಳು ನೆನಪಿಗೆ ಬರುತ್ತವೆ. ಆದರೆ ಲೋಕದಲ್ಲಿ ಇದುವರೆಗೆ ಹೆಸರಿಸಲಾದ ಹವಳ ಪ್ರಭೇದಗಳಲ್ಲಿ ಸುಮಾರು ಮೂರನೇ ಎರಡು ಭಾಗವು 50 ಮೀಟರಿಗಿಂತ ಹೆಚ್ಚಿನ ಆಳದಲ್ಲಿ ಬಾಳುವಂಥವು. ದಿಬ್ಬ ಕಟ್ಟುವ ಹವಳಗಳಂತೆ ಇವು ಸೂರ್ಯನ ಬೆಳಕನ್ನೂ, ಮೈಯೊಳಗೆ ನೆಲೆಸಿ ಆಹಾರ ತಯಾರಿಸಿಕೊಡುವ ಪಾಚಿಯನ್ನೂ ಅವಲಂಬಿಸಿಲ್ಲ. ಮೇಲಿನಿಂದ ಉದುರುವ, ಪ್ರವಾಹದಲ್ಲಿ ತೇಲಿಬರುವ ಆಹಾರವೇ ಇವುಗಳಿಗೆ ಆಧಾರ. ಆದ್ದರಿಂದಲೇ ಕತ್ತಲೆಯ, ತಣ್ಣನೆಯ, ಸಾವಿರಾರು ಮೀಟರ್ ಆಳದ ತಳದಲ್ಲಿಯೂ ಕಡಲ ಬೀಸಣಿಗೆಯ ಬಂಧುಗಳು ಇವೆ.

ಉತ್ತರ ಅಟ್ಲಾಂಟಿಕ್ ಮತ್ತು ಉತ್ತರ ಪೆಸಿಫಿಕ್ ಸಾಗರಗಳ ತಣ್ಣೀರಿನಲ್ಲಿ ಬೆಳೆಯುವ ಪ್ಯಾರಾಗಾರ್ಗಿಯಾ ಆರ್ಬೋರಿಯಾ ಎಂಬ ಪ್ರಭೇದವನ್ನು ಇಲ್ಲಿ ಉದಾಹರಿಸಬಹುದು. ಗುಲಾಬಿ, ಕೆಂಪು ಅಥವಾ ಬಿಳಿ ಬಣ್ಣದ ಈ ಹವಳದ ಕವಲಿನ ತುದಿಗಳು ಉಬ್ಬಿಕೊಂಡಿದ್ದು, ಅಗಿಯುವ ಮಿಠಾಯಿಯ ಉಂಡೆಗಳನ್ನು ಅಂಟಿಸಿದಂತೆ ಕಾಣುತ್ತದೆ. ಹಲವು ಮೀಟರ್ ಎತ್ತರಕ್ಕೆ ಬೆಳೆಯುವ ಇದು ಹವಳ ಸಮೂಹಗಳಲ್ಲಿಯೇ ಅತಿ ದೊಡ್ಡವುಗಳ ಪೈಕಿ ಒಂದು. ಇದರಲ್ಲಿ ಎರಡು ಬಗೆಯ ಪಾಲಿಪ್‌ಗಳಿರುತ್ತವೆ. ಒಂದು ಬಗೆಯವು ಆಹಾರ ಹಿಡಿಯುತ್ತವೆ, ಗ್ರಹಣಾಂಗವಿಲ್ಲದ ಮತ್ತೊಂದು ಬಗೆಯವು ಸಮೂಹದೊಳಗೆ ನೀರು ಹರಿಸುತ್ತವೆ. ಬಿದಿರಿನಂತೆ ಗಿಣ್ಣುಗಳಿರುವುದರಿಂದ ಬಿದಿರು ಹವಳವೆಂದು ಕರೆಯಲಾಗುವ ಮತ್ತೊಂದು ಆಳಸಮುದ್ರದ ಗುಂಪಿನ ಕೆಲವು ಪ್ರಭೇದಗಳು ಮುಟ್ಟಿದಾಗ ಮಿಂಚುಹುಳುವಿನಂತೆ ಬೆಳಕು ಸೂಸುತ್ತವೆ.

ಆಯಸ್ಸು ಮತ್ತು ಬೆಳವಣಿಗೆ

ಕಡಲ ಬೀಸಣಿಗೆಯ ನಡುಕಡ್ಡಿಯನ್ನು ಅಡ್ಡಲಾಗಿ ಕೊಯ್ದು ಉಜ್ಜಿದಲ್ಲಿ, ತೇಗದ ದಿಮ್ಮಿಯಲ್ಲಿ ಕಾಣುವಂತಹ ವರ್ತುಲಗಳು ಕಾಣುತ್ತವೆ. ಮಾರಾಟಗಾರರು ಇದು ಮರವೇ ಎಂದು ಸಾಧಿಸಲು ತೋರಿಸುವ ಸಾಕ್ಷ್ಯವೂ ಇದೇ. ವಾಸ್ತವದಲ್ಲಿ ಇವು ಪ್ರೋಟೀನಿನ ಪದರಗಳು; ವಿಜ್ಞಾನಿಗಳು ಇವುಗಳನ್ನು ಎಣಿಸಿ, ವಿಕಿರಣ ವಿಧಾನಗಳಿಂದ ತಾಳೆನೋಡಿ, ಸಮೂಹದ ವಯಸ್ಸನ್ನು ನಿರ್ಧರಿಸುತ್ತಾರೆ. ಅಲಾಸ್ಕಾ ಕೊಲ್ಲಿಯ ಪ್ರಿಮ್ನೋವಾ ಎಂಬ ಆಳಸಮುದ್ರದ ಗಾರ್ಗೊನಿಯನ್ ಒಂದರ ವಯಸ್ಸು ನೂರು ವರ್ಷಗಳನ್ನು ಮೀರಿದ್ದು, ಅದರ ಕಾಂಡವು ವರ್ಷಕ್ಕೆ ಅರ್ಧ ಮಿಲಿಮೀಟರಿನಷ್ಟೂ ದಪ್ಪವಾಗಿರಲಿಲ್ಲವೆಂದು 2002ರಲ್ಲಿ ಪ್ರಕಟವಾದ ಅಧ್ಯಯನವು ತಿಳಿಸಿದೆ. ಹವಾಯಿ ದ್ವೀಪಗಳ ಸಮೀಪ ಆಳದಲ್ಲಿ ದೊರೆತ ಲಿಯೋಪಾಥಿಸ್ ಎಂಬ ಕಪ್ಪು ಹವಳವೊಂದರ ವಯಸ್ಸು 4,265 ವರ್ಷಗಳೆಂದು 2009ರಲ್ಲಿ ವರದಿಯಾಯಿತು. ಮೂಡುಬಿದಿರೆಯ ಸಾವಿರ ಕಂಬದ ಬಸದಿಯ ನಿರ್ಮಾಣ ಆರಂಭವಾದದ್ದು 1430ರಲ್ಲಿ. ಆ ಹೊತ್ತಿಗಾಗಲೇ ಸದರಿ ಹವಳಕ್ಕೆ ಮೂರು ಸಾವಿರದ ಆರುನೂರು ವರ್ಷಗಳು ಕಳೆದಿದ್ದವು.

ಆಳವಿಲ್ಲದ ನೀರಿನ ಪ್ರಭೇದಗಳು ಇದಕ್ಕಿಂತ ಬೇಗ, ವರ್ಷಕ್ಕೆ ಕೆಲವು ಸೆಂಟಿಮೀಟರುಗಳಂತೆ ಬೆಳೆಯುತ್ತವೆ. ಆದರೂ ಗೋಡೆಗೆ ತೂಗುಹಾಕುವಷ್ಟು ದೊಡ್ಡ ಬೀಸಣಿಗೆಯೊಂದು ಬೆಳೆಯಲು ಹಲವಾರು ವರ್ಷಗಳೇ ಬೇಕು. ಹೆಚ್ಚಿನ ಪ್ರಭೇದಗಳಲ್ಲಿ ಹೆಣ್ಣು ಸಮೂಹ ಮತ್ತು ಗಂಡು ಸಮೂಹಗಳು ಬೇರೆ ಬೇರೆ. ಮೊಟ್ಟೆಯಿಂದ ಹೊರಬಂದ ಮರಿಯು ಸ್ವಲ್ಪ ಕಾಲ ನೀರಿನಲ್ಲಿ ತೇಲಾಡಿ, ಗಟ್ಟಿಯಾದ ನೆಲೆ ಸಿಕ್ಕಲ್ಲಿ ಮಾತ್ರ ಅಂಟಿಕೊಂಡು ಹೊಸ ಸಮೂಹವಾಗುತ್ತದೆ. ಒಂದು ಪ್ರದೇಶದ ದೊಡ್ಡ ಬೀಸಣಿಗೆಗಳನ್ನು ಕಿತ್ತ ಮೇಲೆ ಹತ್ತಿರದಲ್ಲಿ ಹೆಣ್ಣು ಗಂಡುಗಳೆರಡೂ ಉಳಿಯದಿದ್ದಲ್ಲಿ ಆ ತಳವು ಬರಿದಾಗಿಯೇ ಉಳಿಯುವ ಸಂಭವವಿದೆ.

ಬೀಸಣಿಗೆಯ ಕವಲುಗಳ ನಡುವೆ ಸೂಕ್ಷ್ಮತಾರೆಗಳು, ಸಣ್ಣ ಏಡಿಗಳು, ಸಿಗಡಿಗಳು, ಮೀನಿನ ಮರಿಗಳು ಆಶ್ರಯ ಪಡೆಯುತ್ತವೆ. ಎರಡು ಸೆಂಟಿಮೀಟರಿನಷ್ಟು ಮಾತ್ರ ಇರುವ ಕುಬ್ಜ ಕಡಲಕುದುರೆಯೊಂದು ತನ್ನ ಬೀಸಣಿಗೆಯ ಬಣ್ಣವನ್ನೂ ಗುಬುಟುಗಳನ್ನೂ ಎಷ್ಟು ಚೆನ್ನಾಗಿ ಅನುಕರಿಸುತ್ತದೆಯೆಂದರೆ, 1969ರಲ್ಲಿ ಪೆಸಿಫಿಕ್ ಸಾಗರದ ನ್ಯೂ ಕ್ಯಾಲೆಡೋನಿಯಾದಲ್ಲಿ ಬೀಸಣಿಗೆಯನ್ನು ಸಂಗ್ರಹಿಸಿ ತಂದು ಪರೀಕ್ಷಿಸುವವರೆಗೆ ಅಂತಹ ಜೀವಿ ಇದೆಯೆಂದೇ ಯಾರಿಗೂ ಗೊತ್ತಿರಲಿಲ್ಲ.

ಕಪ್ಪು ಹವಳ

ಕಪ್ಪು ಹವಳವು ಕಡಲ ಬೀಸಣಿಗೆಯ ಹತ್ತಿರದ ಬಂಧುವಲ್ಲ. ಇದರ ಪಾಲಿಪ್‌ಗಳಿಗೆ ಕವಲಿಲ್ಲದ ಆರು ಗ್ರಹಣಾಂಗಗಳು ಮಾತ್ರ ಇರುತ್ತವೆ. ಮೈಯಲ್ಲಿ ಸುಣ್ಣದ ಕಣಿಕೆಗಳು ಇರುವುದೇ ಇಲ್ಲ. ಹೆಸರು ಕಪ್ಪು ಎಂದಿದ್ದರೂ ಜೀವಂತವಾಗಿರುವಾಗ ಇದು ಬಿಳಿ, ಹಳದಿ, ಕಿತ್ತಳೆ ಬಣ್ಣಗಳಲ್ಲಿರಬಹುದು. ಕಪ್ಪಾಗಿರುವುದು ಒಳಗಿನ ಅಸ್ಥಿ. ಅದರ ಮೇಲೆ ಭೂತಗನ್ನಡಿಯಲ್ಲಿ ಕಾಣುವಂತಹ ಅತಿ ಸಣ್ಣ ಮುಳ್ಳುಗಳ ಸಾಲು ಇರುತ್ತದೆ. ಕಡಲ ಬೀಸಣಿಗೆಯ ನಡುಕಡ್ಡಿಯು ಇಂತಹ ಮುಳ್ಳುಗಳಿಲ್ಲದೆ ನುಣುಪಾಗಿರುತ್ತದೆ.

ಕೊಲ್ಲಿ ರಾಷ್ಟ್ರಗಳಲ್ಲಿ ಉದ್ಯೋಗದಲ್ಲಿರುವ ಕುಟುಂಬಗಳು ಈ ತಾಲ್ಲೂಕುಗಳಲ್ಲಿ ಸಾಕಷ್ಟಿರುವುದರಿಂದ ಒಂದು ವಿಷಯವನ್ನು ಇಲ್ಲಿ ತಿಳಿಸುವುದು ಸೂಕ್ತ. ಕೆಂಪು ಸಮುದ್ರದ ಕಪ್ಪು ಹವಳವನ್ನು ಹೊಳಪು ಮಾಡಿ ತಯಾರಿಸಿದ ಪ್ರಾರ್ಥನಾ ಮಣಿಮಾಲೆಗಳು "ಯುಸ್ರ್" ಎಂಬ ಹೆಸರಿನಲ್ಲಿ ಅಲ್ಲಿ ಮಾರಾಟವಾಗುತ್ತವೆ. ಕಪ್ಪು ಹವಳಗಳು ಅಳಿವಿನಂಚಿನ ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರ ಒಪ್ಪಂದದ ಎರಡನೆಯ ಅನುಬಂಧದಲ್ಲಿ 1981ರಿಂದಲೂ ಇವೆ. ಅಗತ್ಯ ಪರವಾನಗಿಯಿಲ್ಲದೆ ಇವುಗಳನ್ನು ಸ್ವದೇಶಕ್ಕೆ ತರುವುದು ವಿಮಾನ ನಿಲ್ದಾಣದಲ್ಲಿ ತೊಂದರೆಗೆ ಕಾರಣವಾಗಬಹುದು. ಮರ, ಗಾಜು ಅಥವಾ ಖರ್ಜೂರದ ಬೀಜದ ಮಾಲೆಗಳಿಗೆ ಇದು ಅನ್ವಯಿಸುವುದಿಲ್ಲ.

ಒಣಗಿದ ವಸ್ತುವನ್ನು ಗುರುತಿಸುವುದು

ಮನೆಯಲ್ಲಿ ಅಥವಾ ಅಂಗಡಿಯಲ್ಲಿ ಇಂತಹ ವಸ್ತುವಿದ್ದಲ್ಲಿ ಮೊದಲು ಬುಡವನ್ನು ನೋಡತಕ್ಕದ್ದು. ಬೇರಿನ ತಂತುಗಳ ಬದಲಿಗೆ ತಟ್ಟೆಯಂತೆ ಹರಡಿದ ಹಿಡಿಕೆಯಿದ್ದು, ಅದಕ್ಕೆ ಕಲ್ಲಿನ ಚೂರು, ಚಿಪ್ಪು ಅಥವಾ ಸುಣ್ಣದ ತುಣುಕು ಅಂಟಿಕೊಂಡಿದ್ದಲ್ಲಿ ಅದು ಸಮುದ್ರದಿಂದ ಬಂದುದೆನ್ನಲು ಬಲವಾದ ಕಾರಣವಾಗುತ್ತದೆ. ಆದರೆ ಚೌಕಟ್ಟಿಗೆ ಹಾಕುವ ಮೊದಲು ಬುಡವನ್ನು ಕತ್ತರಿಸಿರುವುದೂ ಉಂಟು. ಆಗ ಕವಲುಗಳನ್ನು ನೋಡಬೇಕು. ಅವು ಒಂದೇ ಸಮತಲದಲ್ಲಿದ್ದು, ಎಲೆ ಉದುರಿದ ಗುರುತಾಗಲೀ ಮೊಗ್ಗಿನ ಕಣ್ಣಾಗಲೀ ಎಲ್ಲಿಯೂ ಇರುವುದಿಲ್ಲ. ಉಗುರಿನಿಂದ ಕೆರೆದಾಗ ಬಣ್ಣದ ಒರಟು ಹುಡಿ ಉದುರಿ ಒಳಗಿನ ಕಪ್ಪು ಕಡ್ಡಿ ಕಾಣಿಸಿದಲ್ಲಿ ತೊಗಟೆಯು ಇನ್ನೂ ಉಳಿದಿದೆಯೆಂದು ತಿಳಿಯಬಹುದು. ಗಿಡದ ಬೇರಾದರೆ ಮುರಿದಾಗ ನಾರು ಬಿಚ್ಚಿಕೊಳ್ಳುತ್ತದೆ. ಬೀಸಣಿಗೆಯ ಕಡ್ಡಿಯಲ್ಲಿ ನಾರಿಲ್ಲ, ಕೊಂಬಿನಂತೆ ನುಣುಪಾದ ಮೈಯಿರುತ್ತದೆ.

ಸುಟ್ಟರೆ ಕೂದಲು ಸುಟ್ಟ ವಾಸನೆ ಬರುವುದೆಂಬುದು ನಿಜ, ಏಕೆಂದರೆ ಎರಡೂ ಪ್ರೋಟೀನುಗಳೇ. ಆದರೆ ಇಂತಹ ಪರೀಕ್ಷೆಗೆ ಸಾರ್ವಜನಿಕರು ಕೈಹಾಕಬಾರದು. ವಸ್ತುವನ್ನು ಸುಡುವುದು, ಪುಡಿ ಮಾಡುವುದು, ಹೊಳೆಗೆ ಎಸೆಯುವುದು ಮುಂದೆ ಸಾಕ್ಷ್ಯನಾಶವೆಂದು ಪರಿಗಣಿತವಾಗುವ ಸಂಭವವಿದೆ. ಪ್ಲಾಸ್ಟಿಕ್ಕಿನ ನಕಲುಗಳೂ ಮಾರುಕಟ್ಟೆಯಲ್ಲಿರುವುದರಿಂದ, ಕೊನೆಯ ನಿರ್ಣಯವನ್ನು ತಜ್ಞರು ಕಣಿಕೆಗಳ ಅಥವಾ ಡಿಎನ್‌ಎ ಪರೀಕ್ಷೆಯ ಆಧಾರದ ಮೇಲೆ ನೀಡಬೇಕಾಗುತ್ತದೆ.

ಆಭರಣದ ಕೆಂಪು ಹವಳದ ಬಗ್ಗೆಯೂ ಅನೇಕರು ವಿಚಾರಿಸುವುದುಂಟು. ಅದು ಮುಖ್ಯವಾಗಿ ಮೆಡಿಟರೇನಿಯನ್ ಸಮುದ್ರದ ಕೊರಾಲಿಯಂ ರೂಬ್ರಂ ಎಂಬ ಪ್ರಭೇದ. ಅದರ ಅಸ್ಥಿಯು ಪ್ರೋಟೀನಿನ ಬದಲು ಗಟ್ಟಿಯಾದ ಸುಣ್ಣದಿಂದಾಗಿರುವ ಕಾರಣವೇ ಉಜ್ಜಿ ಹೊಳಪು ಕೊಡಲು ಸಾಧ್ಯವಾಗಿದೆ. ಅಂಗಡಿಯಿಂದ ಕೊಳ್ಳುವಾಗ ರಸೀದಿ ಪಡೆದಿಟ್ಟುಕೊಳ್ಳುವುದು ಉತ್ತಮ.

ಕರ್ನಾಟಕದ ಕರಾವಳಿಯಲ್ಲಿ

ರಾಜ್ಯದ ಕರಾವಳಿಯುದ್ದಕ್ಕೂ ಹೊಳೆಗಳು ಮಳೆಗಾಲದಲ್ಲಿ ಕೆಂಪು ಹೂಳನ್ನು ಸಮುದ್ರಕ್ಕೆ ಸುರಿಯುವುದರಿಂದ ಹವಳದ ದಿಬ್ಬಗಳು ಇಲ್ಲಿ ಅಪರೂಪ. ಬೆಳ್ತಂಗಡಿ ಮತ್ತು ಬಂಟ್ವಾಳಗಳನ್ನು ಹಾದುಹೋಗುವ ನೇತ್ರಾವತಿಯೂ ಇದಕ್ಕೆ ಹೊರತಲ್ಲ. ಉತ್ತರ ಕನ್ನಡ ಜಿಲ್ಲೆಯ ಮುರುಡೇಶ್ವರದ ಎದುರಿಗಿರುವ ನೇತ್ರಾಣಿ ದ್ವೀಪದ ಸುತ್ತ ಹವಳಗಳಿದ್ದು, ಮುಳುಗು ಈಜಿಗೆ ಹೋಗುವವರು ಅವುಗಳನ್ನು ಕಾಣುತ್ತಾರೆ. ಕಡಲ ಬೀಸಣಿಗೆಗಳಿಗೆ ದಿಬ್ಬವೇ ಬೇಕೆಂದಿಲ್ಲ. ಹರಿವಿರುವ ಕಡೆ ಒಂದು ಬಂಡೆಯಿದ್ದರೂ ಸಾಕು. ಹೀಗಾಗಿ ತಳ ಸವರುತ್ತಾ ಸಾಗುವ ಟ್ರಾಲ್ ಬಲೆಗಳಲ್ಲಿ ಇವು ಮೀನಿನೊಂದಿಗೆ ಸಿಕ್ಕಿಬೀಳುತ್ತವೆ. ಹಾಗೆ ಸಿಕ್ಕಿದುದನ್ನು ಸಮುದ್ರಕ್ಕೆ ಮರಳಿ ಬಿಡಬೇಕೇ ಹೊರತು ದಡಕ್ಕೆ ತಂದು ಮಾರುವಂತಿಲ್ಲ. ಪಣಂಬೂರು, ಸೋಮೇಶ್ವರ ಮೊದಲಾದ ಕಡಲತೀರಗಳಿಗೆ ಪ್ರವಾಸ ಹೋದವರು, ಶಾಲಾ ಮಕ್ಕಳೂ ಸಹ, ಅಲೆ ತಂದೆಸೆದ ಬೀಸಣಿಗೆಯ ತುಂಡುಗಳನ್ನು ಆರಿಸಿ ಮನೆಗೆ ತರಬಾರದು.

ಇದೇ ಜೀವಿಗಳನ್ನು ಭಾರತದ ಆಗ್ನೇಯ ಕರಾವಳಿಯಿಂದ 1970ರ ದಶಕದ ಮಧ್ಯಭಾಗದಿಂದ ವಿದೇಶಗಳಿಗೆ ರಫ್ತು ಮಾಡಲಾಗುತ್ತಿತ್ತೆಂಬುದು ಇಂದು ವಿಚಿತ್ರವೆನಿಸಬಹುದು. ಕೆರಿಬಿಯನ್ ಸಮುದ್ರದ ಪ್ಲೆಕ್ಸಾರಾ ಹೋಮೊಮಲ್ಲಾ ಎಂಬ ಗಾರ್ಗೊನಿಯನ್‌ನಲ್ಲಿ ಪ್ರೋಸ್ಟಾಗ್ಲಾಂಡಿನ್ ಎಂಬ ಔಷಧೀಯ ಮಹತ್ವದ ರಾಸಾಯನಿಕವು ಹೇರಳವಾಗಿರುವುದು 1969ರಲ್ಲಿ ತಿಳಿದುಬಂದ ನಂತರ ಈ ಗುಂಪಿನ ಜೀವಿಗಳಿಗೆ ಬೇಡಿಕೆ ಹೆಚ್ಚಿತ್ತು. ಮುಂದೆ ಆ ರಾಸಾಯನಿಕವನ್ನು ಪ್ರಯೋಗಾಲಯದಲ್ಲಿಯೇ ತಯಾರಿಸುವುದು ಸಾಧ್ಯವಾಯಿತು.

ಕಾನೂನಿನ ಉಪಬಂಧಗಳು

ಗಟ್ಟಿ ಹವಳಗಳು, ಕಪ್ಪು ಹವಳಗಳು, ಕೊಳಲು ಹವಳ, ಬೆಂಕಿ ಹವಳಗಳು ಹಾಗೂ ಎಲ್ಲಾ ಕಡಲ ಬೀಸಣಿಗೆಗಳನ್ನು ಕೇಂದ್ರ ಸರ್ಕಾರವು 2001ರಲ್ಲಿ ಅನುಸೂಚಿ 1ಕ್ಕೆ ಸೇರಿಸಿತು. 2022ರ ತಿದ್ದುಪಡಿ ಅಧಿನಿಯಮವು ದಿನಾಂಕ 1-4-2023ರಿಂದ ಜಾರಿಗೆ ಬಂದಿದ್ದು, ಅನುಸೂಚಿಗಳ ಸಂಖ್ಯೆಯನ್ನು ಆರರಿಂದ ನಾಲ್ಕಕ್ಕೆ ಇಳಿಸಲಾಗಿದೆಯಾದರೂ ಇವುಗಳ ರಕ್ಷಣೆ ಮುಂದುವರಿದಿದೆ. ಅನುಸೂಚಿ 1ರ ಪ್ರಾಣಿಗೆ ಸಂಬಂಧಿಸಿದ ಅಪರಾಧಕ್ಕೆ 51ನೇ ಪ್ರಕರಣದ ಮೇರೆಗೆ ಮೂರು ವರ್ಷಗಳಿಗೆ ಕಡಿಮೆಯಿಲ್ಲದ, ಏಳು ವರ್ಷಗಳವರೆಗೆ ವಿಸ್ತರಿಸಬಹುದಾದ ಕಾರಾವಾಸ ಮತ್ತು ರೂ. 25,000ಕ್ಕೆ ಕಡಿಮೆಯಿಲ್ಲದ ಜುಲ್ಮಾನೆಯನ್ನು ವಿಧಿಸಲು ಅವಕಾಶವಿದೆ. ವಸ್ತುವು ವ್ಯಕ್ತಿಯೊಬ್ಬರ ಸ್ವಾಧೀನದಲ್ಲಿದ್ದುದು ಸಾಬೀತಾದಲ್ಲಿ, ಆ ಸ್ವಾಧೀನವು ಕಾನೂನುಬಾಹಿರವಲ್ಲವೆಂದು ತೋರಿಸುವ ಹೊಣೆಯು 57ನೇ ಪ್ರಕರಣದಂತೆ ಆರೋಪಿಯ ಮೇಲಿರುತ್ತದೆ. "ಗಿಡವೆಂದು ತಿಳಿದು ಕೊಂಡೆ" ಎಂಬ ಹೇಳಿಕೆಯೊಂದರಿಂದಲೇ ಪಾರಾಗಬಹುದೆಂದು ಯಾರೂ ಭಾವಿಸಬಾರದು.

ಕಡಲ ಬೀಸಣಿಗೆಯನ್ನು ಕೊಳ್ಳಲು, ಮಾರಲು ಅಥವಾ ಮನೆಯಲ್ಲಿ ಅಲಂಕಾರಕ್ಕಾಗಿ ಇಡಲು ಪರವಾನಗಿ ಕೊಡುವ ಯಾವುದೇ ಸೇವೆಯು ಅರಣ್ಯ ಇಲಾಖೆಯಲ್ಲಿಲ್ಲ. "ಸರ್ಕಾರದ ಅನುಮತಿಯಿದೆ" ಎಂದು ಮಾರಾಟಗಾರರು ತೋರಿಸುವ ಮುದ್ರಿತ ಪತ್ರಗಳನ್ನು ನಂಬಬಾರದು.

ವಸ್ತುವು ಈಗಾಗಲೇ ಮನೆಯಲ್ಲಿದ್ದಲ್ಲಿ

39ನೇ ಪ್ರಕರಣದ ಮೇರೆಗೆ ಇಂತಹ ವಸ್ತುವು ಸರ್ಕಾರದ ಸ್ವತ್ತು. ಅದು ಯಾವುದೇ ರೀತಿಯಲ್ಲಿ ಕೈಗೆ ಬಂದಾಗ 48 ಗಂಟೆಗಳೊಳಗೆ ಹತ್ತಿರದ ಪೊಲೀಸ್ ಠಾಣೆಗೆ ಅಥವಾ ಅಧಿಕೃತ ಅಧಿಕಾರಿಗೆ ವರದಿ ಮಾಡಿ, ಕೇಳಿದಲ್ಲಿ ಒಪ್ಪಿಸತಕ್ಕದ್ದು. ಬಂಟ್ವಾಳ, ಬೆಳ್ತಂಗಡಿ ಮತ್ತು ಮೂಡುಬಿದಿರೆಯವರು ಆಯಾ ವಲಯ ಅರಣ್ಯಾಧಿಕಾರಿಗಳ ಕಛೇರಿಯನ್ನು ಸಂಪರ್ಕಿಸಬಹುದು. ಅರಣ್ಯ ಇಲಾಖೆಯ ಸಹಾಯವಾಣಿ ಸಂಖ್ಯೆ 1926.

ಹಿರಿಯರಿಂದ ವಾರಸಾಗಿ ಬಂದ ವಸ್ತುವಾದಲ್ಲಿ, ವಾರಸಾದ ದಿನದಿಂದ 90 ದಿನಗಳೊಳಗೆ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಅಥವಾ ಅಧಿಕೃತ ಅಧಿಕಾರಿಗೆ ಘೋಷಣೆ ಸಲ್ಲಿಸಬೇಕೆಂದು 40ನೇ ಪ್ರಕರಣವು ತಿಳಿಸುತ್ತದೆ. ಹಿಂದೆ ಘೋಷಿಸದೆ ಇಟ್ಟುಕೊಂಡಿದ್ದ ವನ್ಯಜೀವಿ ವಸ್ತುಗಳನ್ನು ಘೋಷಿಸಿಕೊಳ್ಳಲು 2003ರಲ್ಲಿ 180 ದಿನಗಳ ಅವಕಾಶ ನೀಡಲಾಗಿತ್ತು. ಆ ಅವಧಿಯು ಮುಗಿದುಹೋಗಿದೆ. ಮಾಲೀಕತ್ವ ಪ್ರಮಾಣಪತ್ರವನ್ನು ಹೊಂದಿದ್ದು, ವಸ್ತುವನ್ನು ಮುಂದೆ ಇಟ್ಟುಕೊಳ್ಳಲು ಇಚ್ಛಿಸದವರು ಏಳು ಕೆಲಸದ ದಿನಗಳ ಸೂಚನೆ ನೀಡಿ ಅದನ್ನು ಒಪ್ಪಿಸಲು 2022ರ ತಿದ್ದುಪಡಿಯಲ್ಲಿ ಅವಕಾಶ ಕಲ್ಪಿಸಲಾಗಿದೆ. ಇದಕ್ಕೆ ಪರಿಹಾರಧನ ದೊರೆಯುವುದಿಲ್ಲ.

ಪ್ರಮಾಣಪತ್ರವಿಲ್ಲದವರು ತಾವಾಗಿ ತಂದೊಪ್ಪಿಸಿದ ಮಾತ್ರಕ್ಕೆ ಪ್ರಕರಣದಿಂದ ತಾನಾಗಿಯೇ ವಿನಾಯಿತಿ ದೊರೆಯುವುದೆಂದು ಅಧಿನಿಯಮದಲ್ಲಿ ಹೇಳಿಲ್ಲ. ಹಾಗಿದ್ದರೂ ಮುಚ್ಚಿಡುವುದಕ್ಕಿಂತ, ಬೇರೆಯವರಿಗೆ ದಾಟಿಸುವುದಕ್ಕಿಂತ, ತಿಳಿದ ಕೂಡಲೇ ಲಿಖಿತವಾಗಿ ವರದಿ ಮಾಡುವುದೇ ಲೇಸು. ಅವಶ್ಯವೆನಿಸಿದಲ್ಲಿ ಮೊದಲು ವಕೀಲರ ಸಲಹೆ ಪಡೆಯಬಹುದು.

ವರದಿಯನ್ನು ಬಿಳಿ ಹಾಳೆಯ ಮೇಲೆ ಕನ್ನಡದಲ್ಲಿ ಬರೆದರೆ ಸಾಕು. ವರದಿ ಮಾಡುವವರ ಹೆಸರು, ವಿಳಾಸ, ವಸ್ತುವು ಯಾವಾಗ, ಯಾರಿಂದ, ಎಷ್ಟು ಹಣಕ್ಕೆ ಬಂದಿತೆಂಬ ವಿವರ, ಅದರ ಅಂದಾಜು ಉದ್ದ ಅಗಲ ಮತ್ತು ಬಣ್ಣ ಇವುಗಳನ್ನು ನಮೂದಿಸಿ, ಲಭ್ಯವಿದ್ದಲ್ಲಿ ರಸೀದಿ, ಅಂಚೆ ಅಥವಾ ಕೊರಿಯರ್ ಪೊಟ್ಟಣದ ಮೇಲಿನ ಚೀಟಿ ಹಾಗೂ ವಸ್ತುವಿನ ಛಾಯಾಚಿತ್ರವನ್ನು ಲಗತ್ತಿಸಬೇಕು. ವಸ್ತುವನ್ನು ಚೌಕಟ್ಟಿನಿಂದ ಬಿಡಿಸಬಾರದು. ಅದನ್ನು ಕಛೇರಿಗೆ ಹೊತ್ತೊಯ್ಯುವ ಮೊದಲು ದೂರವಾಣಿಯಲ್ಲಿ ಅಧಿಕಾರಿಗಳಿಗೆ ತಿಳಿಸಿ ಅವರ ಸೂಚನೆಯಂತೆ ನಡೆಯುವುದು ಒಳಿತು. ಮಾರ್ಗಮಧ್ಯದಲ್ಲಿ ತಪಾಸಣೆಗೆ ಒಳಗಾದಲ್ಲಿ ಸಾಗಾಣಿಕೆಯೆಂಬ ಮತ್ತೊಂದು ಪ್ರಶ್ನೆ ಏಳಬಹುದು. ಒಪ್ಪಿಸಿದ ನಂತರ ಮಹಜರಿನ ಪ್ರತಿಯನ್ನೂ ದಿನಾಂಕ, ಮೊಹರುಗಳುಳ್ಳ ಸ್ವೀಕೃತಿ ಪತ್ರವನ್ನೂ ಕೇಳಿ ಪಡೆದುಕೊಳ್ಳತಕ್ಕದ್ದು.